ಸ್ಯಾಂಡ್‌ಬ್ಯಾಗಿಂಗ್: ಎಲ್ಲರಿಗೂ ಅಂಟಿಸುವ ಬೈಗುಳವಲ್ಲ

ವಿಜಯಪುರದ ಓಟಗಾರರ ಬಾಯಲ್ಲಿ ಈಗ ಒಂದೇ ಬೈಗುಳ: ಸ್ಯಾಂಡ್‌ಬ್ಯಾಗರ್, ಅಂದರೆ ತಾಕತ್ತು ಮುಚ್ಚಿಟ್ಟು ಎದುರಿನವರನ್ನು ಯಾಮಾರಿಸುವವನು. ಊರಿನ ವೃಕ್ಷಥಾನ್ ಓಟದಲ್ಲಿ ಕೊನೆಯ ಎರಡು ಕಿಲೋಮೀಟರ್ ಇರುವಾಗ ಗೆಳೆಯ ಹಿಂದಿಕ್ಕಿ ಹೋದನೇ? ಸ್ಯಾಂಡ್‌ಬ್ಯಾಗರ್. ಓಟಕ್ಕೆ ಎರಡು ವಾರ ಮುಂಚೆ ಅಭ್ಯಾಸ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಕೊಟ್ಟನೇ? ಅವನೂ ಸ್ಯಾಂಡ್‌ಬ್ಯಾಗರ್. ಸ್ವಲ್ಪ ತಡೀರಿ.

ಮೊದಲು ಸ್ಯಾಂಡ್‌ಬ್ಯಾಗ್, ಅಂದರೆ ಮರಳು ಚೀಲದ ಕಥೆ. ಸೊಂಟಕ್ಕೆ ಮರಳು ಕಟ್ಟಿಕೊಂಡು ಓಡಿ, ಸ್ಪರ್ಧೆಯ ದಿನ ಬಿಚ್ಚುವುದರಿಂದ ಈ ಪದ ಬಂತು ಎಂದು ಹೇಳುವವರಿದ್ದಾರೆ. ಚೆಂದದ ಕಲ್ಪನೆ, ಅಷ್ಟೇ. ಕೃಷ್ಣೆ ಉಕ್ಕಿದಾಗ ದಂಡೆಗೆ ಪೇರಿಸುವ ಚೀಲಕ್ಕೂ ಇದಕ್ಕೂ ಸಂಬಂಧವಿಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಪುಂಡರು ಸಣ್ಣ ಚೀಲಕ್ಕೆ ಮರಳು ತುಂಬಿ, ಹಿಂದಿನಿಂದ ಬಂದು ತಲೆಗೆ ಬಾರಿಸುತ್ತಿದ್ದರು. ನೋಡಿದರೆ ಬರೀ ಬಟ್ಟೆ ಚೀಲ, ಬಿದ್ದರೆ ಕಣ್ಣು ಕತ್ತಲೆ. ಆಮೇಲೆ ಪದ ಪೋಕರ್ ಆಟಕ್ಕೆ ಬಂತು: ಒಳ್ಳೆ ಎಲೆ ಕೈಯಲ್ಲಿದ್ದೂ ಇಲ್ಲದವನಂತೆ ಕೂತು, ಎದುರಿನವರು ದುಡ್ಡು ಸುರಿದ ಮೇಲೆ ಹೊಡೆಯುವುದು. ಗಾಲ್ಫ್‌ನಲ್ಲಿ ಬೇಕಂತಲೇ ಕೆಟ್ಟದಾಗಿ ಆಡಿ ಹೆಚ್ಚು ರಿಯಾಯಿತಿ (ಹ್ಯಾಂಡಿಕ್ಯಾಪ್) ಗಿಟ್ಟಿಸುವವನಿಗೂ ಇದೇ ಹೆಸರು.

ಅಂದರೆ ಎರಡು ಸಂಗತಿ ಇರಲೇಬೇಕು. ತನ್ನ ತಾಕತ್ತನ್ನು ಮೊದಲೇ ಕಡಿಮೆ ಮಾಡಿ ಹೇಳಬೇಕು. ಹಾಗೆ ಹೇಳಿದ್ದರಿಂದ ಎದುರಿನವನು ಮೈಮರೆಯಬೇಕು. ‘ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು’ ಅನ್ನುವ ಜಾತಿ. ‘ಏನಿಲ್ಲಪಾ, ಮೊಣಕಾಲು ನೋಯಾಕತ್ತೈತಿ, ಸುಮ್ನ ಫೋಟೋಕ್ಕ ಬಂದೀನಿ’ ಅನ್ನುತ್ತಾನೆ. ಕೆಳಗೆ ನೋಡಿದರೆ ಕಾಲಲ್ಲಿ ವೇಗದ ಓಟಕ್ಕೆಂದೇ ಮಾಡಿದ ಕಾರ್ಬನ್ ಪ್ಲೇಟ್ ಶೂ, ಸೊಂಟದ ಬೆಲ್ಟಿನಲ್ಲಿ ಓಡುತ್ತಲೇ ಶಕ್ತಿಗೆ ತಿನ್ನುವ ಮೂರು ಜೆಲ್. ವಾರವಿಡೀ ಓಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಅವನ ಓಟ ಒಂದೂ ಕಾಣಿಸಿರುವುದಿಲ್ಲ. ಇವನು ಅಸಲಿ ಮಾಲು.

ನನಗೆ ಸಿಟ್ಟು ಬರುವುದು ನೆಗೆಟಿವ್ ಸ್ಪ್ಲಿಟ್ ಮಾಡಿದವರನ್ನೂ ಇದಕ್ಕೆ ಸೇರಿಸಿದಾಗ. ಮೊದಲ ಅರ್ಧಕ್ಕಿಂತ ಎರಡನೇ ಅರ್ಧವನ್ನು ಬೇಗ ಓಡುವುದೇ ನೆಗೆಟಿವ್ ಸ್ಪ್ಲಿಟ್. 2023ರಲ್ಲಿ ಷಿಕಾಗೊ ಮ್ಯಾರಥಾನನ್ನು ಕೀನ್ಯಾದ ಕೆಲ್ವಿನ್ ಕಿಪ್ಟಮ್ 2:00:35ಕ್ಕೆ ಮುಗಿಸಿ ವಿಶ್ವದಾಖಲೆ ಮಾಡಿದರು. ಮೊದಲ ಅರ್ಧ 60:48, ಎರಡನೆಯದು 59:47. ಅವರೂ ಸ್ಯಾಂಡ್‌ಬ್ಯಾಗರ್ರೇ? ನೀವು ಗೋಳಗುಮ್ಮಟ ದಾಟುವ ಮುಂಚೆಯೇ ಉಸಿರೆಲ್ಲ ಖರ್ಚು ಮಾಡಿಕೊಂಡರೆ ಮೈಯಲ್ಲಿ ಕೂಡಿಟ್ಟ ಇಂಧನ ಗ್ಲೈಕೋಜನ್ ಖಾಲಿಯಾಗುತ್ತದೆ, ಬಿಸಿಲು ಏರುತ್ತದೆ, ಲೆಕ್ಕ ಹಾಕಿ ಓಡಿದವನು ಪಕ್ಕದಲ್ಲೇ ದಾಟಿ ಹೋಗುತ್ತಾನೆ. ಅವನು ಯಾರಿಗೂ ಸುಳ್ಳು ಹೇಳಿಲ್ಲ, ಅಲ್ವಾ?

ಇನ್ನು ಉಲ್ಟಾ ಆಟವೂ ಇದೆ, ಅದು ಬ್ಲಫ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಟೋಪೆಕ್‌ಗೆ ಅದು ಮೊದಲ ಮ್ಯಾರಥಾನ್. ಅವರು ಪಕ್ಕದಲ್ಲಿ ಓಡುತ್ತಿದ್ದ ಬ್ರಿಟನ್ನಿನ ಜಿಮ್ ಪೀಟರ್ಸ್ ಅವರನ್ನು ‘ಈ ವೇಗ ಸಾಕಾ?’ ಎಂದು ಕೇಳಿದರು. ಸುಸ್ತಾಗಿದ್ದ ಪೀಟರ್ಸ್ ‘ನಿಧಾನವಾಯ್ತು’ ಅಂದುಬಿಟ್ಟರು. ಜಟೋಪೆಕ್ ಅದನ್ನೇ ನಂಬಿ ವೇಗ ಹೆಚ್ಚಿಸಿ ಚಿನ್ನ ಗೆದ್ದರು. ಪೀಟರ್ಸ್ ಸ್ನಾಯು ಸೆಳೆತದಿಂದ ಓಟವನ್ನೇ ಬಿಟ್ಟರು. ಇಲ್ಲದ ಶಕ್ತಿ ಇದೆ ಎಂದು ತೋರಿಸಿದ್ದು ಇದು. ಸ್ಯಾಂಡ್‌ಬ್ಯಾಗಿಂಗ್‌ನಲ್ಲಿ ಇರುವುದನ್ನು ಮುಚ್ಚಿಡುತ್ತಾರೆ.

ಭಾನುವಾರ ಭೂತನಾಳ ಕೆರೆ ಕಡೆ ಓಡಿ, ಸೋತವನು ಗಿರ್ಮಿಟ್ ಕೊಡಿಸುವ ಪಂದ್ಯದಲ್ಲಿ ಈ ನಾಟಕವೆಲ್ಲ ಇರಲಿ, ಮಜಾ ಇರುತ್ತದೆ. ಹ್ಯಾಂಡಿಕ್ಯಾಪ್ ಓಟದ ಮಾತು ಬೇರೆ. ಅಲ್ಲಿ ನಿಧಾನದವರು ಮೊದಲು ಹೊರಡುತ್ತಾರೆ, ಚುರುಕಿನವರು ಆಮೇಲೆ. ಹತ್ತು ಕಿಲೋಮೀಟರನ್ನು 50 ನಿಮಿಷಕ್ಕೆ ಮುಗಿಸುವವನು 60 ಎಂದು ಬರೆಸಿದರೆ, 10 ನಿಮಿಷ ಪುಕ್ಕಟೆ ಸಿಕ್ಕಿತು. ಅದು ಕಳ್ಳತನ. ಅಂಥ ಓಟ ನಡೆಸುವವರು ಸಮಯವನ್ನು ಅವನ ಬಾಯಿಂದ ಕೇಳಬಾರದು. ಹಿಂದಿನ ಓಟದ ಫಲಿತಾಂಶ ತೆಗೆದು ಅದನ್ನೇ ಬರೆದುಕೊಳ್ಳಬೇಕು.