ಹಚ್ಚಿಕೊಳ್ಳುವವರು, ನುಂಗಿಕೊಳ್ಳುವವರು

ದಾವಣಗೆರೆ ಕಡೆ ಮನುಷ್ಯರ ಸ್ವಭಾವವನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ: ಕೆಲವರು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವರು, ಕೆಲವರು ಎಲ್ಲವನ್ನೂ ನುಂಗಿಕೊಳ್ಳುವವರು. ಮನೋವೈದ್ಯರ ಬಳಿಗೆ ಯಾರು ಹೋಗುತ್ತಾರೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಮಾತಿನಲ್ಲಿಯೇ ಇದೆ.

1936ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಸ್ವಭಾವ ಸೂಚಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಅಂಥ ಪದಗಳನ್ನು ಸೋಸುತ್ತ ಹೋದ ಮನಶ್ಶಾಸ್ತ್ರಜ್ಞರು ಮುಂದಿನ ದಶಕಗಳಲ್ಲಿ ಐದು ಮೂಲಗುಣಗಳಿಗೆ ಬಂದು ನಿಂತರು. ಅವುಗಳಲ್ಲಿ ನ್ಯೂರಾಟಿಸಿಸಂ ಎಂಬುದು ನಮ್ಮವರ ಹಚ್ಚಿಕೊಳ್ಳುವ ಸ್ವಭಾವಕ್ಕೆ ತೀರ ಹತ್ತಿರದ್ದು. ಅದು ಹೆಚ್ಚಿರುವವರಲ್ಲಿ ಖಿನ್ನತೆ, ಆತಂಕಗಳೂ ಹೆಚ್ಚಾದ್ದರಿಂದ ಅವರು ಚಿಕಿತ್ಸೆಗೆ ಹೆಚ್ಚಾಗಿ ಬರುವುದು ಸಹಜ. ಆದರೆ ಒಂದೇ ಬಗೆಯ ಕಾಯಿಲೆಯವರನ್ನು ಹೋಲಿಸಿ ನೋಡಿದಾಗಲೂ ಈ ನಂಟು ಉಳಿದುಕೊಂಡಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ನೋವು ಸಮನಾಗಿದ್ದರೂ ಅದನ್ನು ಬಾಯಿಬಿಟ್ಟು ಹೇಳುವ ಗುಣ ಸಮನಾಗಿರುವುದಿಲ್ಲ.

ಉಳಿದರ್ಧ ಉತ್ತರ ಸ್ವಭಾವದ ಆಚೆಗಿದೆ. ಜನ ಆರೋಗ್ಯ ಸೇವೆಯನ್ನು ಬಳಸುವುದಕ್ಕೆ ಒಲವು, ಅನುಕೂಲ, ಅಗತ್ಯ ಮೂರೂ ಕೂಡಿಬರಬೇಕೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ರೊನಾಲ್ಡ್ ಆಂಡರ್ಸನ್ 1968ರಲ್ಲಿಯೇ ವಿವರಿಸಿದ್ದರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ಮನೋವ್ಯಾಧಿಗಳಿದ್ದವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಷ್ಟೂ ಜನರನ್ನು ‘ಹೇಳಿಕೊಳ್ಳದವರು’ ಎಂದು ದೂರುವುದು ಅನ್ಯಾಯ.

ಚಿತ್ರದುರ್ಗದ ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಟ್ಟೆ ಉರಿಯ ಗುಳಿಗೆಗೆಂದು ಬಂದ ರೈತರೊಬ್ಬರನ್ನು ನಾನು ಕಂಡಿದ್ದೆ. ಅವರು ಚೀಟಿ ಮಡಚುತ್ತ ಸುಮ್ಮನೆ ಕೂತಿದ್ದರು. ಹಿಂದೆ ನಿಂತಿದ್ದ ಹೆಂಡತಿಯೇ ಹೇಳಿದರು: “ರಾತ್ರಿಯೆಲ್ಲಾ ಎದ್ದು ಕುಂತಿರ್ತಾರೆ ಸರ್, ಕೇಳಿದ್ರೆ ಏನಿಲ್ಲ ಅಂತಾರೆ.” ವೈದ್ಯರು ನಿದ್ದೆಯ ವಿಷಯ ಕೇಳಿದ ಮೇಲೆಯೇ ಅವರು ತಲೆ ಎತ್ತಿದ್ದು.

ಇಂಥವರನ್ನು ಮುಟ್ಟುವ ದಾರಿ ನಮ್ಮ ಪಕ್ಕದಲ್ಲಿಯೇ ಹುಟ್ಟಿತು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1985ರಲ್ಲಿ, ಮೊಳಕಾಲ್ಮೂರಿನ ಗಡಿಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮನೋವ್ಯಾಧಿ ಗುರುತಿಸುವ ತರಬೇತಿ ಕೊಡತೊಡಗಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನುಂಗಿಕೊಳ್ಳುವವರು ಮನೋವೈದ್ಯರನ್ನು ತಾವಾಗಿ ಹುಡುಕಿಕೊಂಡು ಹೋಗುವುದು ಅಪರೂಪ, ಹೊಟ್ಟೆ ಉರಿಗೆ ಮಾತ್ರ ಊರಿನ ಆಸ್ಪತ್ರೆಗೆ ಬಂದೇ ಬರುತ್ತಾರೆ.