ಮಲಗದ ಬಳ್ಳಿಗೆ ಎರಡು ಚಾಟ್ನಿ

ತಿಕೋಟಾದಲ್ಲಿರುವ ನನ್ನ ಸೋದರಮಾವ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಫೋನ್ ಮಾಡಿ ‘ಚಾಟ್ನಿ ನಡೆದಿದೆ’ ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಮೈಸೂರು ಕಡೆಯ ನನ್ನ ಹೆಂಡತಿ ಅದನ್ನು ಕೇಳಿಸಿಕೊಂಡು, ವಿಜಯಪುರದವರು ವರ್ಷಕ್ಕೆ ಎರಡೇ ಸಲ ಚಟ್ನಿ ಅರೆಯುತ್ತಾರೇನೋ ಎಂದುಕೊಂಡಿದ್ದಳು. ಮರಾಠಿಯ ‘ಛಾಟಣಿ’ ಭೀಮಾ ನದಿ ದಾಟಿ ಬರುವಾಗ ಚಾಟ್ನಿಯಾಗಿದೆ. ದ್ರಾಕ್ಷಿ ಬಳ್ಳಿ ಸವರುವುದು ಎಂದು ಅದರ ಅರ್ಥ.

ನಾವಿರುವುದು ಪುಣೆಯ ಹಡಪ್ಸರದಲ್ಲಿ. ಅಲ್ಲಿಂದ ಮಾಂಜರಿ ಹತ್ತಿರ. ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ 1997ರಲ್ಲಿ ಶುರುವಾದದ್ದು ಅಲ್ಲಿಯೇ. ಹಾಗಾಗಿ ಮಾವ ತೋಟದ ಯಾವ ತಕರಾರು ಹೊತ್ತು ಬಂದರೂ ಉಳಿಯುವುದು ನಮ್ಮ ಮನೆಯಲ್ಲಿ. ಒಮ್ಮೆ ಅವರಿದ್ದಾಗ ಗೆಳೆಯನೊಬ್ಬ ಕ್ಯಾಬರ್ನೆ ಸೊವಿನ್ಯೋಂ ಎಂಬ ಕೆಂಪು ವೈನಿನ ಬಾಟಲಿ ತಂದ. ಕಂಪನಿಯ ಹೆಸರು ಬೇಡ. ಮಾವ ಕುಡಿಯುವವರಲ್ಲ, ಆದರೆ ದ್ರಾಕ್ಷಿಯಿಂದಾದ ಯಾವುದನ್ನೂ ಮೂಸದೆ ಬಿಡುವವರೂ ಅಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ‘ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಾಗಿದೆ’ ಎಂದರು. ಗೆಳೆಯ ನಕ್ಕ. ಆಮೇಲೆ ನಾರಾಯಣಗಾಂವ ಬಳಿಯ ವೈನ್ ತೋಟವೊಂದರ ವ್ಯವಸ್ಥಾಪಕರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ‘ನೆರಳಿನ ವಾಸನೆ ಅದು’ ಎಂದರು.

ನೆರಳಿಗೆ ವಾಸನೆ ಹೇಗೆ ಬಂತು ಎಂದು ತಿಳಿಯಲು ಬಳ್ಳಿಯ ನಿದ್ದೆಯಿಂದಲೇ ಆರಂಭಿಸಬೇಕು. ಯುರೋಪಿನ ದ್ರಾಕ್ಷಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಮಲಗಿದ್ದಾಗ ಒಮ್ಮೆ ಸವರಿದರೆ ಸಾಕು, ವಸಂತದಲ್ಲಿ ತಾನೇ ಏಳುತ್ತದೆ. ನಮ್ಮ ದಖ್ಖನಿನಲ್ಲಿ ಅದನ್ನು ಮಲಗಿಸುವಷ್ಟು ಚಳಿ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಿಂದೆ ಇಲ್ಲಿ ವರ್ಷಕ್ಕೆ ಎರಡು ಫಸಲು ಬರುತ್ತಿದ್ದವು: ಬೇಸಿಗೆಗೆ ಮುಂಚಿನದು ಸಿಹಿ, ಮಳೆಗಾಲದ್ದು ಹುಳಿ. ಹುಳಿ ಫಸಲು ಬಳ್ಳಿಯ ಕಸುವನ್ನು ಹೀರುತ್ತದೆ ಎಂದು ಕಂಡುಕೊಂಡ ರೈತರು ಅದನ್ನು ಕೈಬಿಟ್ಟರು, ಆದರೆ ಎರಡು ಕತ್ತರಿಗಳನ್ನು ಉಳಿಸಿಕೊಂಡರು. ಅಕ್ಟೋಬರ್ ಚಾಟ್ನಿಗೆ ಮರಾಠಿಯಲ್ಲಿ ಇಂದಿಗೂ ‘ಗೋಡಿ’ ಎಂದರೆ ಸಿಹಿಯ ಹೆಸರಿದೆ. ಏಪ್ರಿಲ್‌ನದು ‘ಖರಡ’, ಅಂದರೆ ಒರಟು ಕೆಲಸ. ಈ ಹೆಸರು ಅನ್ಯಾಯದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಡೀ ವರ್ಷದ ನಾಜೂಕಿನ ಕೆಲಸ ಅದೇ.

ಏಪ್ರಿಲ್‌ನಲ್ಲಿ ಕೊಯ್ಲು ಮುಗಿದ ಬಳ್ಳಿಯ ಪ್ರತಿ ಕಡ್ಡಿಯನ್ನೂ ಒಂದೇ ಕಣ್ಣು, ಅಂದರೆ ಚಿಗುರೊಡೆಯುವ ಒಂದೇ ಮೊಗ್ಗು, ಬಿಟ್ಟು ಕತ್ತರಿಸುತ್ತಾರೆ. ತೋಟ ಬೋಳಾಗುತ್ತದೆ. ಆ ಕಣ್ಣಿನಿಂದ ಬರುವ ಚಿಗುರಿನಲ್ಲಿ ಹಣ್ಣು ಬೇಕಿಲ್ಲ, ಹೊಸ ಕಡ್ಡಿ ಬೇಕು. ಕತ್ತರಿ ಹಾಕಿದ ಸುಮಾರು ನಲವತ್ತರಿಂದ ಅರವತ್ತು ದಿನಗಳೊಳಗೆ ಆ ಹೊಸ ಕಡ್ಡಿಯ ಕಣ್ಣುಗಳ ಒಳಗೆ, ಬರಿಗಣ್ಣಿಗೆ ಕಾಣದಂತೆ, ಒಂದು ತೀರ್ಮಾನವಾಗುತ್ತದೆ: ಈ ಕಣ್ಣು ಮುಂದೆ ಗೊಂಚಲಾಗಬೇಕೋ ಬರೀ ಕುಡಿಬಳ್ಳಿಯಾಗಬೇಕೋ ಎಂಬುದು. ಬಿಸಿಲು, ಬೆಳಕು ಸಾಕಷ್ಟಿದ್ದರೆ ಗೊಂಚಲು. ಮೋಡವಿದ್ದರೆ, ಅಥವಾ ಎಲೆಯ ಮೇಲೆ ಎಲೆ ಬಿದ್ದು ಕಡ್ಡಿ ಕತ್ತಲಲ್ಲಿದ್ದರೆ ಬರೀ ಕುಡಿ. ಚಾಟ್ನಿಯನ್ನು ಮೇ ತಿಂಗಳಿಗೆ ತಳ್ಳಿದವರ ತೋಟದಲ್ಲಿ ಈ ತೀರ್ಮಾನ ಜೂನ್ ಮೋಡದ ಕೆಳಗೆ ಆಗುತ್ತದೆ. ಹಾಗಾಗಿ ಫೆಬ್ರುವರಿಯಲ್ಲಿ ಗೊಂಚಲು ಕಡಿಮೆಯಾದರೆ ಅದರ ಕಾರಣವನ್ನು ಹಿಂದಿನ ಬೇಸಿಗೆಯಲ್ಲಿ ಹುಡುಕಬೇಕು.

ಮಾವ ಸೆಪ್ಟೆಂಬರ್‌ನಲ್ಲಿ ಒದ್ದೆ ಗೋಣಿಯಲ್ಲಿ ಕಡ್ಡಿಗಳನ್ನು ಸುತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ಪುಣೆಗೆ ಬರುವುದು ಇದೇ ಕಾರಣಕ್ಕೆ. ಪ್ರಯೋಗಾಲಯದಲ್ಲಿ ಕಣ್ಣನ್ನು ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಎಷ್ಟನೆಯ ಕಣ್ಣಿನಲ್ಲಿ ಗೊಂಚಲಿದೆ ಎಂದು ಹೇಳುತ್ತಾರೆ. ಥಾಮ್ಸನ್ ಸೀಡ್‌ಲೆಸ್ ಮತ್ತು ತಾಸಗಾಂವದ ತೋಟದಲ್ಲಿ ಅದರಿಂದಲೇ ಆಯ್ದು ಬೆಳೆಸಿದ ತಾಸ್-ಎ-ಗಣೇಶ ತಳಿಗಳಲ್ಲಿ ಬುಡದ ಕಣ್ಣುಗಳು ಸಾಮಾನ್ಯವಾಗಿ ಬಂಜೆ. ಹಾಗಾಗಿ ಅಕ್ಟೋಬರ್‌ನಲ್ಲಿ ಕಡ್ಡಿಯನ್ನು ಉದ್ದವಾಗಿಯೇ ಬಿಡಬೇಕು. ಕತ್ತರಿ ಒಂದು ಕಣ್ಣು ಕೆಳಗೆ ಬಿದ್ದರೂ ಗೊಂಚಲು ನೆಲದ ಪಾಲು.

ಬೆಳಕಿನ ಈ ಲೆಕ್ಕವನ್ನು ವಿಜ್ಞಾನವಾಗಿ ಮಾಡಿದವರು ದೂರದ ಊರಿನವರು. ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ನೆಲ್ಸನ್ ಶೌಲಿಸ್ 1960ರ ದಶಕದಲ್ಲಿ ಕಾಂಕಾರ್ಡ್ ಬಳ್ಳಿಯ ದಟ್ಟ ಎಲೆರಾಶಿಯನ್ನು ಎರಡು ಪರದೆಗಳಾಗಿ ಸೀಳಿ ಇಳಿಬಿಟ್ಟರು. ಬಳ್ಳಿ ಅದೇ, ಮಣ್ಣು ಅದೇ, ಆದರೆ ಇಳುವರಿಯೂ ಹೆಚ್ಚಿತು, ಹಣ್ಣೂ ಚೆನ್ನಾಗಿ ಮಾಗಿತು. ಅವರ ಶಿಷ್ಯ, ಆಸ್ಟ್ರೇಲಿಯಾದ ರಿಚರ್ಡ್ ಸ್ಮಾರ್ಟ್, ಇದನ್ನು ವೈನ್ ದ್ರಾಕ್ಷಿಗೆ ತಂದರು. ಬಿಸಿಲಿಗೆ ಒಡ್ಡಿದ ಮೊದಲ ಎಲೆಯನ್ನು ದಾಟಿ ಕೆಳಗಿಳಿಯುವ ಬೆಳಕು ನೂರರಲ್ಲಿ ಸುಮಾರು ಆರು ಪಾಲು ಮಾತ್ರ. ಎರಡನೆಯ ಎಲೆಯನ್ನು ದಾಟುವುದು ಒಂದು ಪಾಲಿಗಿಂತ ಕಡಿಮೆ. ಮೂರನೆಯ ಪದರದ ಎಲೆ ದುಡಿಯುವುದಿಲ್ಲ, ಕುಳಿತು ತಿನ್ನುತ್ತದೆ.

ಮಹಾರಾಷ್ಟ್ರದಲ್ಲಿ ಈ ಪ್ರಶ್ನೆ ಬೇರೆ ದಾರಿ ಹಿಡಿದು ಬಂತು. ಮೊದಲು ನಾಶಿಕದ ಕಡೆ ಬಳ್ಳಿಗೆ ಆಸರೆಯಾಗಿದ್ದದ್ದು ಹಾಲವಾಣದ ಜೀವಂತ ಮರ. ಮರಾಠಿಯಲ್ಲಿ ಅದಕ್ಕೆ ಪಾಂಗಾರಾ ಎನ್ನುತ್ತಾರೆ. ಪುಣೆಯ ಗಣೇಶಖಿಂಡದ ಹಣ್ಣಿನ ಪ್ರಯೋಗ ಕ್ಷೇತ್ರದಲ್ಲಿ ಜಿ. ಎಸ್. ಚೀಮಾ ಅವರು ಚೀಮಾ ಸಾಹೇಬಿಯಂತಹ ತಳಿ ಆಯ್ದು ಕೊಟ್ಟ ಕಾಲವೂ ಇತ್ತು. ಬೀಜವಿಲ್ಲದ ಥಾಮ್ಸನ್ ಹಬ್ಬಿದ ಮೇಲೆ ಹಂದರದ ಯುಗ. ತಲೆಯ ಮೇಲೆ ತಂತಿಯ ಚಪ್ಪರ, ಅದರ ತುಂಬ ಎಲೆ, ಕೆಳಗೆ ತೂಗುವ ಗೊಂಚಲು. ತಿನ್ನುವ ದ್ರಾಕ್ಷಿಗೆ ಇದಕ್ಕಿಂತ ಚೆಂದದ ಮನೆ ಇಲ್ಲ, ಬಿಸಿಲಿಗೆ ಕಾಯಿ ಸುಡುವುದಿಲ್ಲ. ಬರಗಾಲ ಮತ್ತು ಸವುಳು ನೀರು ಬೇರುಗಳನ್ನು ಕೊಲ್ಲತೊಡಗಿದಾಗ ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್ ಎಂಬ ಬೇರುಸಸಿಯ ಮೇಲೆ ಕಸಿ ಕಟ್ಟಿದರು. ಬೇರು ಬದುಕಿತು, ಆದರೆ ಅದಕ್ಕೆ ವಿಪರೀತ ಹುರುಪು. ಚಿಗುರು ನಿಲ್ಲದೆ ಓಡಿತು, ಹಂದರ ಕಪ್ಪಾಯಿತು, ಕಣ್ಣು ಕುರುಡಾಯಿತು.

ಈ ಓಟಕ್ಕೆ ಕಡಿವಾಣವಾಗಿ ಕೈಗೆ ಸಿಕ್ಕಿದ್ದು ರೈತರು ಸಿಸಿಸಿ ಎಂದು ಕರೆಯುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ಏಪ್ರಿಲ್ ಚಾಟ್ನಿಯ ನಂತರ ಹೊಡೆದರೆ ಗಿಣ್ಣುಗಳ ಅಂತರ ತಗ್ಗಿ ಕಣ್ಣು ತುಂಬುತ್ತದೆ. ಕೈಯಿಂದ ತುದಿ ಚಿವುಟಿ, ಬಗಲುಚಿಗುರು ತೆಗೆದು, ಕಡ್ಡಿಗಳನ್ನು ಬಿಡಿಬಿಡಿಯಾಗಿ ತಂತಿಗೆ ಕಟ್ಟಲು ಆಳು ಬೇಕು, ದಿನಗೂಲಿ ಬೇಕು. ಸಿಸಿಸಿಗೆ ಒಂದು ಪಂಪು ಸಾಕು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಅದರ ಉಳಿಕೆ ಪತ್ತೆಯಾಯಿತು. ಆಗ ಅಲ್ಲಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು. ಸರಕು ಬಂದರಿನಲ್ಲೇ ನಿಂತಿತು, ರಫ್ತು ಮಾಡಿದವರು ಸಾಲದಲ್ಲಿ ಮುಳುಗಿದರು. ಹಣ್ಣು ಕಚ್ಚುವ ಎಷ್ಟೋ ತಿಂಗಳು ಮೊದಲು ಹೊಡೆದದ್ದು ಹಣ್ಣಿನಲ್ಲಿ ಹೇಗೆ ಬಂತೆಂದು ಮಾವನಂಥವರಿಗೆ ದಿಗಿಲು. ಅದು ಬಳ್ಳಿಯ ಕಾಂಡದೊಳಗೆ ಉಳಿದುಕೊಂಡು ಮುಂದಿನ ಚಿಗುರಿಗೆ ಹರಿಯುತ್ತದೆ. ನೆರಳಿನ ಸಮಸ್ಯೆಗೆ ಕತ್ತರಿಯ ಬದಲು ಡಬ್ಬಿಯಲ್ಲಿ ಉತ್ತರ ಹುಡುಕಿದ್ದಕ್ಕೆ ತೆತ್ತ ಬೆಲೆ ಇದು ಎಂದೇ ನಾನು ಓದಿಕೊಂಡಿದ್ದೇನೆ.

ವೈನ್ ಬಂದದ್ದು ಈ ಪಳಗಿದ ಕೈಗಳ ನಡುವೆಯೇ. 1980ರ ದಶಕದಲ್ಲಿ ಶಾಮರಾವ್ ಚೌಗುಲೆ ನಾರಾಯಣಗಾಂವದಲ್ಲಿ ಫ್ರೆಂಚರ ನೆರವಿನಿಂದ ನೊರೆವೈನ್ ಮಾಡಿದರು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದ ಮೇಲೆ ನಾಶಿಕ, ಪುಣೆ, ಸಾಂಗ್ಲಿ, ಸೋಲಾಪುರದ ರೈತರು ವೈನ್ ತಳಿ ನೆಟ್ಟರು. ಕತ್ತರಿ ಹಿಡಿದ ಕೈ ಮಾತ್ರ ಹಳೆಯದು. ದಪ್ಪ ಕಾಯಿ, ಭಾರದ ಗೊಂಚಲು, ಎಕರೆಗೆ ಹತ್ತು ಟನ್‌ಗೆ ಪಳಗಿದ್ದ ಆ ಕೈಗೆ ಈಗ ಸಣ್ಣ ಕಾಯಿ, ದಪ್ಪ ಸಿಪ್ಪೆ, ಅದರ ಅರ್ಧದಷ್ಟು ತೂಕ ಬೇಕು ಎಂದರು. ಬಣ್ಣವೂ ಪರಿಮಳವೂ ಬಹುಪಾಲು ಇರುವುದು ಸಿಪ್ಪೆಯಲ್ಲಿ.

ಇಲ್ಲಿಯೇ ಮೆಣಸಿನಕಾಯಿಯ ವಿಷಯ ಬರುತ್ತದೆ. ಕ್ಯಾಬರ್ನೆ, ಸೊವಿನ್ಯೋಂ ಬ್ಲಾಂಕ್ ತಳಿಗಳ ಎಳೆಗಾಯಿಯಲ್ಲಿ ಮೆಥಾಕ್ಸಿಪೈರಜೀನ್ ಎಂಬ ವಸ್ತು ಇರುತ್ತದೆ. ದೊಣ್ಣೆಮೆಣಸಿನಕಾಯಿಯ ವಾಸನೆಯೂ ಅದೇ ಕುಲದ್ದು. ಕಾಯಿ ಎಳೆಯದಾಗಿರುವಾಗಲೇ ಗೊಂಚಲಿಗೆ ಬೆಳಕು ಬಿದ್ದರೆ ಅದು ಹೆಚ್ಚು ಕೂಡಿಕೊಳ್ಳುವುದಿಲ್ಲ. ನೆರಳಿನಲ್ಲಿ ಬೆಳೆದರೆ ಬಾಟಲಿಯವರೆಗೂ ಹಿಂಬಾಲಿಸುತ್ತದೆ. ನೆರಳಿನ ಎಲೆಗಳಿಂದ ಕಾಯಿಗೆ ಪೊಟ್ಯಾಸಿಯಂ ಹೆಚ್ಚು ಹೋಗಿ ರಸದ ಹುಳಿ ಸಪ್ಪೆಯಾಗುವುದು, ವೈನ್ ಬಣ್ಣ ಮಂಕಾಗುವುದು ಇನ್ನೊಂದು ಕಾಟ. ಅದಕ್ಕೇ ವೈನ್ ಬಳ್ಳಿಯನ್ನು ಹಂದರದಿಂದ ಇಳಿಸಿ, ಬೇಲಿಯಂತೆ ನೆಟ್ಟಗೆ ನಿಲ್ಲಿಸಿ, ಚಿಗುರುಗಳನ್ನು ತಂತಿಗಳ ನಡುವೆ ಮೇಲಕ್ಕೆ ಹಾಯಿಸುತ್ತಾರೆ. ಒಂದು ಕಿಲೋ ಹಣ್ಣು ಮಾಗಲು ಸುಮಾರು ಒಂದು ಚದರ ಮೀಟರ್ ಎಲೆ ಬೇಕು. ಅದಕ್ಕಿಂತ ಕಡಿಮೆಯಾದರೆ ಸಕ್ಕರೆ ಏರದು, ತೀರಾ ಹೆಚ್ಚಾದರೆ ನೆರಳು.

ಹಾಗೆಂದು ಫ್ರಾನ್ಸಿನವರಂತೆ ಎಲೆ ಕಿತ್ತು ಬಿಟ್ಟರೆ ಇಲ್ಲಿ ಕೆಟ್ಟಿತು. ಅವರ ಹಣ್ಣು ಮಾಗುವುದು ಚಳಿಯತ್ತ ಜಾರುವ ದಿನಗಳಲ್ಲಿ, ನಮ್ಮದು ಫೆಬ್ರುವರಿ–ಮಾರ್ಚ್‌ನ ಏರುಬಿಸಿಲಿನಲ್ಲಿ. ಸುಡುಬಿಸಿಲು ನೇರವಾಗಿ ಬಿದ್ದ ಕಾಯಿಯಲ್ಲಿ ಕೆಂಪು ಬಣ್ಣ ಕಟ್ಟುವುದು ನಿಲ್ಲುತ್ತದೆ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಕರಗಿ ಹೋಗುತ್ತದೆ. ಚಳಿಯಲ್ಲೇ ಮಾಗಲಿ ಎಂದು ಚಾಟ್ನಿಯನ್ನು ಸೆಪ್ಟೆಂಬರ್‌ಗೆ ಎಳೆದರೆ, ಎಳೆ ಚಿಗುರಿಗೆ ಹಿಂಗಾರು ಮಳೆ ಬಿದ್ದು ಡೌನಿ ಎಂಬ ಬೂಜುರೋಗ. ಅಕ್ಟೋಬರ್ ಕತ್ತರಿಯ ಮರುದಿನ ಕಣ್ಣು ಒಟ್ಟಿಗೆ ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸೈನಮೈಡ್‌ಗೆ ಇನ್ನೊಂದು ವಿಚಿತ್ರ ಗುಣವಿದೆ. ಅದನ್ನು ಮುಟ್ಟಿದ ದಿನ ಮದ್ಯ ಸೇವಿಸಿದರೆ ಮೈ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ವೈನ್ ತೋಟದಲ್ಲೇ ಆಳುಗಳಿಗೆ ‘ಇವತ್ತು ಕುಡಿಯಬೇಡಿ’ ಎಂದು ಹೇಳಬೇಕು.

ಕಳೆದ ಡಿಸೆಂಬರ್‌ನಲ್ಲಿ ಮಾವನನ್ನು ಆ ನಾರಾಯಣಗಾಂವದ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಸಾಲುಗಳ ಮೂಡಣ ಬದಿಯಲ್ಲಿ ಗೊಂಚಲಿನ ಸುತ್ತ ಎಲೆ ತೆಗೆದಿದ್ದರು, ಪಡುವಣದಲ್ಲಿ ಬಿಟ್ಟಿದ್ದರು. ಬೆಳಗಿನ ಎಳೆಬಿಸಿಲು ಬೀಳಬೇಕು, ಮಧ್ಯಾಹ್ನದ್ದು ಬೀಳಬಾರದು. ಮಾವ ಎರಡೂ ಕಡೆ ಹೋಗಿ ಗೊಂಚಲುಗಳ ಹಿಂದೆ ಅಂಗೈ ಇಟ್ಟು ನೆರಳು ನೋಡಿದರು, ತಲೆದೂಗಿದರು. ನೆಲದ ಮೇಲೆ ಕಣ್ಣು ಬಿದ್ದಾಗ ಮಾತ್ರ ನಿಂತರು. ಆಗಷ್ಟೇ ಬಣ್ಣ ತಿರುಗುತ್ತಿದ್ದ ಗೊಂಚಲುಗಳು ಸಾಲುದ್ದಕ್ಕೂ ಬಿದ್ದಿದ್ದವು, ಉಳಿದವು ಚೆನ್ನಾಗಿ ಮಾಗಲೆಂದು ಬೇಕೆಂದೇ ಕತ್ತರಿಸಿದವು.

‘ಇದಕ್ಕೆ ರೈತನಿಗೆ ಯಾರು ದುಡ್ಡು ಕೊಡುತ್ತಾರೆ?’ ಎಂದು ಮಾವ ಕೇಳಿದರು. ಈ ತೋಟ ಕಂಪನಿಯದೇ, ಹಾಗಾಗಿ ಇಲ್ಲಿ ಆ ಪ್ರಶ್ನೆ ಬರುವುದಿಲ್ಲ ಎಂದರು ವ್ಯವಸ್ಥಾಪಕರು. ಕರಾರಿನ ರೈತರ ವಿಷಯ ಬೇರೆ. ಟನ್ ಲೆಕ್ಕದಲ್ಲಿ ದುಡ್ಡು ಎಣಿಸುವವನಿಗೆ ಗೊಂಚಲು ಕತ್ತರಿಸು ಎಂದರೆ ಕೈ ನಡುಗುತ್ತದೆ. 2008ರ ನಂತರ ವೈನ್ ಬೇಡಿಕೆ ಕುಸಿದಾಗ ಅನೇಕರು ಬಳ್ಳಿ ಕಿತ್ತೋ, ಅದರ ಮೇಲೆಯೇ ತಿನ್ನುವ ದ್ರಾಕ್ಷಿಯ ಕಸಿ ಕಟ್ಟಿಯೋ ಹಿಂದಿರುಗಿದ್ದನ್ನು ಮಾವ ಕಣ್ಣಾರೆ ಕಂಡವರು.

ಅವರು ಬಾಗಿ ಒಂದು ಗೊಂಚಲನ್ನು ಎತ್ತಿಕೊಂಡರು, ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಏನೋ ನೆನಪಾದವರಂತೆ, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಕೇಳಿದರು.

‘ಮೂರು.’

ಗೊಂಚಲನ್ನು ಮತ್ತೆ ಬಳ್ಳಿಯ ಬುಡದಲ್ಲಿಟ್ಟು, ನೀರು ಎಲ್ಲಿದೆ ಎಂದು ಕೈ ತೊಳೆಯಲು ಹೊರಟರು.