ಇಸಬ್‌ಗೋಲ್: ಕೆಲಸವೆಲ್ಲ ನೀರಿನದೇ

ಮಲಬದ್ಧತೆಗೂ ಇಸಬ್‌ಗೋಲ್, ಭೇದಿಗೂ ಇಸಬ್‌ಗೋಲ್ ಎಂದರೆ ಅನುಮಾನ ಬರುವುದು ಸಹಜ. ಆದರೆ ಎರಡು ಕಡೆಯೂ ಅದು ಮಾಡುವುದು ಒಂದೇ ಕೆಲಸ, ನೀರು ಹೀರಿ ಲೋಳೆಯಾಗುವುದು. ಗಟ್ಟಿ ಮಲಕ್ಕೆ ಆ ಲೋಳೆ ತೇವ ಕೊಡುತ್ತದೆ. ತೆಳ್ಳಗಾದ ಮಲದಲ್ಲಿ ಹೆಚ್ಚುವರಿ ನೀರನ್ನು ಹಿಡಿದಿಡುತ್ತದೆ.

ಪ್ಲಾಂಟಾಗೊ ಓವಾಟಾ ಗಿಡದ ಬೀಜದ ಮೇಲಿನ ತೆಳು ಹೊಟ್ಟು ಇದು, ಬೀಜದ ತೂಕದ ಕಾಲುಭಾಗದಷ್ಟು. ಗುಜರಾತ್, ರಾಜಸ್ಥಾನಗಳ ಹಿಂಗಾರು ಬೆಳೆ. ಗುಜರಾತಿನ ಉಂಝಾ ಪಟ್ಟಣ ಇದರ ದೊಡ್ಡ ಮಾರುಕಟ್ಟೆ. ತೆನೆ ಮಾಗುವಾಗ ಅಕಾಲದ ಮಳೆ ಬಿದ್ದರೆ ಹೊಟ್ಟು ಹೊಲದಲ್ಲೇ ಉಬ್ಬಿ, ಬೀಜ ಉದುರಿಹೋಗುತ್ತದೆ. ನಮಗೆ ಬೇಕಾದ ಗುಣವೇ ಅಲ್ಲಿ ರೈತನಿಗೆ ಮುಳುವು.

ಹೊಟ್ಟಿನ ಬಹುಪಾಲು ಅರಬಿನೊಕ್ಸೈಲಾನ್ ಎಂಬ ನಾರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ಅಷ್ಟಾಗಿ ಹುಳಿಸಲಾರವು. ಹಾಗಾಗಿ ಲೋಳೆ ಕೊನೆಯವರೆಗೂ ಉಳಿಯುತ್ತದೆ, ಗ್ಯಾಸ್ ಕಾಟವೂ ಕಡಿಮೆ. ದಾರಿಯಲ್ಲಿ ಅದು ಪಿತ್ತಾಮ್ಲಗಳನ್ನೂ (ಕೊಬ್ಬು ಜೀರ್ಣಿಸಲು ಯಕೃತ್ತು ಕೊಲೆಸ್ಟ್ರಾಲಿನಿಂದ ತಯಾರಿಸುವ ವಸ್ತು) ಹೊತ್ತೊಯ್ಯುತ್ತದೆ. ಅವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುವುದರಿಂದ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಸ್ವಲ್ಪ ಇಳಿಯುತ್ತದೆ. ದಿನಕ್ಕೆ 7 ಗ್ರಾಂ ಕರಗುವ ನಾರು ಇದರಿಂದ ಸಿಕ್ಕರೆ ಹೃದಯಕ್ಕೆ ಒಳ್ಳೆಯದಾಗಬಹುದೆಂದು ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿತು. ಔಷಧ ಬಿಟ್ಟು ಇದನ್ನೇ ನೆಚ್ಚಿಕೊಳ್ಳುವಷ್ಟು ದೊಡ್ಡ ಇಳಿಕೆಯಲ್ಲ, ಅಷ್ಟು ನೆನಪಿರಲಿ.

ಮೊದಲ ವಾರ ದಿನಕ್ಕೊಮ್ಮೆ 3–5 ಗ್ರಾಂ ಸಾಕು. 240 ಮಿಲಿ ನೀರಿಗೆ ಹಾಕಿ ಕದಡಿ, ದಪ್ಪಗಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣ ಹೊಟ್ಟನ್ನು ಬಾಯಿಗೆ ಸುರಿದುಕೊಂಡರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು. ಕುಡಿದ ಕೂಡಲೇ ಮಲಗುವುದೂ ಬೇಡ. ಪರಿಣಾಮಕ್ಕೆ 12ರಿಂದ 72 ಗಂಟೆ ಹಿಡಿಯುತ್ತದೆ. ರಾತ್ರಿ ಕುಡಿದು ಬೆಳಿಗ್ಗೆ ಆಗಲಿಲ್ಲವೆಂದು ಪ್ರಮಾಣ ಹೆಚ್ಚಿಸುವುದು ಅವಸರ. ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಔಷಧ ಲೋಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನುಂಗಲು ಕಷ್ಟವಿರುವವರು, ಕರುಳು ಕಿರಿದಾಗಿರುವವರು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿ ಶುರುಮಾಡಲಿ.

ಅಡುಗೆಯಲ್ಲಿ ಇದು ಗ್ಲುಟೆನ್‌ನ, ಅಂದರೆ ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನಿನ, ಬದಲಿಗೆ ನಿಲ್ಲುತ್ತದೆ. ಜೋಳದ ಹಿಟ್ಟಿನ ಬ್ರೆಡ್ಡು ಉಬ್ಬದಿರುವುದು ಯೀಸ್ಟಿನ ತಪ್ಪಲ್ಲ, ಗಾಳಿ ಹಿಡಿದಿಡುವ ಜಾಲ ಅಲ್ಲಿಲ್ಲ. 100 ಗ್ರಾಂ ಹಿಟ್ಟಿಗೆ 5 ಗ್ರಾಂ ಹೊಟ್ಟು ಹಾಕಿ ನೋಡಿ. ಮೊದಲು ಹೊಟ್ಟನ್ನು ನೀರಲ್ಲಿ ನೆನೆಸಿ ಲೋಳೆ ಮಾಡಿಕೊಂಡು, ಆಮೇಲೆ ಹಿಟ್ಟು ಕಲಸಿ. ಹೊಟ್ಟು ಹೆಚ್ಚಾದರೆ, ಇಲ್ಲವೇ ಬೇಯುವುದು ಸಾಲದಿದ್ದರೆ ಒಳಭಾಗ ಅಂಟಂಟು. ಕೆಲವು ಪುಡಿಗಳಿಂದ ಬ್ರೆಡ್ಡು ನೇರಳೆ ಬಣ್ಣಕ್ಕೆ ತಿರುಗುವುದುಂಟು. ಅದು ಕೆಟ್ಟಿಲ್ಲ, ತಿನ್ನಬಹುದು.